ವಿಚ್ಛೇದನವಾಯಿತು, ಮುಂದೇನು?

ಸಂತೆಕಟ್ಟೆಯಲ್ಲಿ ಹೆದ್ದಾರಿ ಬಿಟ್ಟು ನೇಜಾರಿನ ದಾರಿಯಾಗಿ ಪಶ್ಚಿಮಕ್ಕೆ ಹೋದರೆ ಕೆಮ್ಮಣ್ಣು ಸಿಗುತ್ತದೆ. ತೆಂಗಿನ ತೋಟ, ಗದ್ದೆ, ಸ್ವರ್ಣಾ ನದಿ, ಕುದ್ರುವಿಗೆ ದಾಟಿಸುವ ತೂಗುಸೇತುವೆ, ಇನ್ನೂ ಮುಂದೆ ಹೂಡೆಯ ಕಡಲು. ಇಲ್ಲಿನ ಕೊಂಕಣಿ ಮಾತನಾಡುವ ಕ್ಯಾಥೊಲಿಕ್ ಕುಟುಂಬಗಳಲ್ಲಿ ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ದುಡಿಯಲು ಹೋದವರು ಹಲವರು. ಯಾರು ರಜೆಗೆ ಬಂದರು, ಯಾರ ಅಂಗಳದಲ್ಲಿ ಯಾರ ಕಾರು ನಿಂತಿದೆ ಎಂಬುದು ಸಂಜೆಯೊಳಗೆ ನೆರೆಕರೆಗೆಲ್ಲ ತಿಳಿಯುವಂಥ ಊರು.

ಇಂಥ ಊರಿನಲ್ಲಿ ಮೂವತ್ತೈದರ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ನ್ಯಾಯಾಲಯದಲ್ಲಿ ಆಕೆಗೆ ವಿಚ್ಛೇದನ ಸಿಕ್ಕಿದೆ. ಮಗುವಿನೊಂದಿಗೆ ತಾಯಿಯ ಮನೆಗೆ ಬಂದಿದ್ದಾಳೆ. ಭಾನುವಾರ ಇಗರ್ಜಿಗೆ ಹೋದರೂ ಕೊನೆಯ ಸಾಲಿನಲ್ಲೇ ಕುಳಿತು, ಪರಮಪ್ರಸಾದದ ಹೊತ್ತಿಗೆ ತಲೆ ತಗ್ಗಿಸುತ್ತಾಳೆ. "ಡೈವೋರ್ಸ್ ಆದವರು ಕುಮ್ಗಾರ್ ತೆಗೆದುಕೊಳ್ಳಬಾರದಂತೆ" ಎಂದು ಯಾರೋ ಹಿರಿಯರು ಹೇಳಿದ್ದರು. ಈಚೆಗೆ ಚಿಕ್ಕಮ್ಮನ ಕಡೆಯಿಂದ ಒಬ್ಬ ವಿಧುರರ ವಿಚಾರ ಬಂದಿದೆ. ಅವರೊಡನೆ ಫೋನಿನಲ್ಲಿ ಮಾತನಾಡುವುದೂ ಪಾಪವೇ, ಅಲ್ಲವೇ ಎಂಬುದು ಆಕೆಗೆ ತಿಳಿಯದು. ಕೇಳೋಣವೆಂದರೆ ಯಾರನ್ನು ಕೇಳುವುದು?

ಈ ಲೇಖನ ಓದುತ್ತಿರುವ ನೀವು ಆಕೆಯೇ ಆಗಿರಬಹುದು, ಆಕೆಯ ಅಣ್ಣನಾಗಿರಬಹುದು, ಅದೇ ವಾಡೊದ ಗುರ್ಕಾರರೂ ಆಗಿರಬಹುದು. ಈ ವಿಷಯದಲ್ಲಿ ಅರೆಬರೆ ತಿಳಿದವರು ಮಾಡುವ ಹಾನಿ ದೊಡ್ಡದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ

ಸರ್ಕಾರಿ ನ್ಯಾಯಾಲಯದಿಂದ ವಿಚ್ಛೇದನ ಪಡೆದ ಮಾತ್ರಕ್ಕೆ ಕ್ಯಾಥೊಲಿಕರು ಸಂಸ್ಕಾರಗಳಿಂದ ಹೊರಗಾಗುವುದಿಲ್ಲ. ಮರುಮದುವೆಯಾಗದೆ, ಇನ್ನೊಬ್ಬರ ಜೊತೆ ಸಂಸಾರ ಹೂಡದೆ ಇರುವವರು ಎಲ್ಲರಂತೆ ಪಾಪನಿವೇದನೆ ಮಾಡಬಹುದು, ಪರಮಪ್ರಸಾದ ಸ್ವೀಕರಿಸಬಹುದು, ಗಾಯನ ತಂಡದಲ್ಲಿ ಹಾಡಬಹುದು, ಬಲಿಪೂಜೆಯಲ್ಲಿ ವಾಚನ ಓದಬಹುದು. ಇದು ಯಾವುದೋ ಉದಾರ ಮನಸ್ಸಿನ ಪಾದ್ರಿಯೊಬ್ಬರ ಅಭಿಪ್ರಾಯವಲ್ಲ. ಇಂಥವರನ್ನು ಸಂಸ್ಕಾರಗಳಿಗೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ ಎಂದು ಪೋಪ್ ಎರಡನೇ ಜಾನ್ ಪಾಲ್ 1981ರಲ್ಲೇ ಕುಟುಂಬ ಕುರಿತ ತಮ್ಮ ಪತ್ರದಲ್ಲಿ ಬರೆದರು. ಅವರಿಗೆ ಪರಮಪ್ರಸಾದದಿಂದ ಬಲ ಪಡೆಯುವಂತೆ ಉತ್ತೇಜನ ಕೊಡಬೇಕು ಎಂದು 2016ರಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಬರೆದರು.

ಧರ್ಮಸಭೆಯ ದೃಷ್ಟಿಯಲ್ಲಿ ತೊಡಕು ಹುಟ್ಟುವುದು ವಿಚ್ಛೇದನದಿಂದಲ್ಲ, ಅದರ ಬೆನ್ನಿಗೇ ಬರುವ ಇನ್ನೊಂದು ಮದುವೆಯಿಂದ. ಹಾಗೆ ಮದುವೆಯಾದವರೂ ಬಹಿಷ್ಕೃತರಲ್ಲ. ಆದರೆ ಪರಮಪ್ರಸಾದದ ಪ್ರಶ್ನೆ ಅವರಿಗೆ ಬೇರೆಯೇ ಆಗುತ್ತದೆ. ಕೊನೆಯ ಸಾಲಿನಲ್ಲಿ ಕುಳಿತ ನಮ್ಮ ಮಹಿಳೆ ಇಷ್ಟು ದಿನ ಹಸಿದು ಕುಳಿತದ್ದು ಇಲ್ಲದ ನಿಯಮವೊಂದಕ್ಕೆ ಹೆದರಿ. ಇದನ್ನು ವರ್ಷಕ್ಕೊಮ್ಮೆಯಾದರೂ ಪ್ರವಚನದಲ್ಲಿ ಬಾಯಿಬಿಟ್ಟು ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಎರಡು ನ್ಯಾಯಾಲಯ, ಎರಡು ಪ್ರಶ್ನೆ

ನಮ್ಮ ದೇಶದಲ್ಲಿ ಕ್ರೈಸ್ತರ ವಿಚ್ಛೇದನ 1869ರ ಕಾಯ್ದೆಯಂತೆ ನಡೆಯುತ್ತದೆ. 2001ರಲ್ಲಿ ತಿದ್ದುಪಡಿಯಾಗುವವರೆಗೆ ಅದು ಹೆಂಗಸರ ಪಾಲಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಗಂಡನಾದವನು ಹೆಂಡತಿಯ ವ್ಯಭಿಚಾರವೊಂದನ್ನು ರುಜುವಾತುಪಡಿಸಿದರೆ ಸಾಕಿತ್ತು. ಹೆಂಡತಿಯಾದವಳು ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ ಕೂಡಿಸಿ ತೋರಿಸಬೇಕಿತ್ತು. ಜಿಲ್ಲಾ ನ್ಯಾಯಾಲಯ ಕೊಟ್ಟ ಡಿಕ್ರಿಗೆ ಹೈಕೋರ್ಟಿನ ದೃಢೀಕರಣವೂ ಬೇಕಿತ್ತು. ನಮ್ಮ ಅಜ್ಜಿಯಂದಿರ ಕಾಲದಲ್ಲಿ "ಬಿಟ್ಟು ಬಂದವಳು" ಇದ್ದಳೇ ಹೊರತು "ವಿಚ್ಛೇದಿತೆ" ಎಂಬವಳು ಕಾಣಸಿಗದಿದ್ದುದಕ್ಕೆ ಇದೂ ಒಂದು ಕಾರಣ. ತಿದ್ದುಪಡಿಯ ಬಳಿಕ ಕ್ರೌರ್ಯ, ಎರಡು ವರ್ಷ ತೊರೆದುಹೋಗುವುದು ಮುಂತಾದ ಕಾರಣಗಳು ಗಂಡಹೆಂಡಿರಿಬ್ಬರಿಗೂ ಸಮಾನವಾಗಿ ದೊರೆತವು. ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಸೇರಿತು. ಅದಕ್ಕೆ ಎರಡು ವರ್ಷ ಬೇರೆ ಇರಬೇಕು ಎಂದು ಕಾಯ್ದೆಯಲ್ಲಿದ್ದುದನ್ನು ಕರ್ನಾಟಕ ಹೈಕೋರ್ಟು 2014ರಲ್ಲಿ, ಇತರ ಸಮುದಾಯಗಳಿಗೆ ಇರುವಂತೆ, ಒಂದು ವರ್ಷ ಎಂದು ಓದಿಕೊಳ್ಳಲು ಹೇಳಿತು.

ಇದು ಒಂದು ನ್ಯಾಯಾಲಯದ ಮಾತು. ಇನ್ನೊಂದು ಧರ್ಮಸಭೆಯ ವಿವಾಹ ನ್ಯಾಯಪೀಠ, ಜನ ಟ್ರಿಬ್ಯೂನಲ್ ಎನ್ನುವುದು ಇದನ್ನೇ. ಅದು ವಿಚ್ಛೇದನ ಕೊಡುವುದಿಲ್ಲ. ಸರಿಯಾಗಿ ನಡೆದ ಸಂಸ್ಕಾರದ ಮದುವೆಯನ್ನು ಬಿಡಿಸಲು ತನಗೆ ಅಧಿಕಾರವಿಲ್ಲವೆಂದು ಧರ್ಮಸಭೆ ನಂಬುತ್ತದೆ. ಅದು ಕೇಳುವ ಪ್ರಶ್ನೆಯೇ ಬೇರೆ: ಮದುವೆಯ ದಿನ, ಪೀಠದ ಮುಂದೆ "ಹೌದು" ಎಂದಾಗ, ಆ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿತ್ತೇ? ಆಗಿರಲಿಲ್ಲವೆಂದು ಸಿದ್ಧವಾದರೆ ಆ ಮದುವೆ ಮೊದಲಿನಿಂದಲೂ ಅಸಿಂಧು ಎಂದು ಘೋಷಿಸುತ್ತದೆ. ಇದನ್ನೇ ಅನಲ್‌ಮೆಂಟ್ ಎನ್ನುವುದು. ಗೋಡೆ ಕುಸಿದಿದೆಯೇ ಎಂದು ಸರ್ಕಾರಿ ನ್ಯಾಯಾಲಯ ನೋಡಿದರೆ, ಪಂಚಾಂಗ ಹಾಕಿದ್ದೇ ಸರಿಯಿತ್ತೇ ಎಂದು ನ್ಯಾಯಪೀಠ ಅಗೆದು ನೋಡುತ್ತದೆ.

ಹಾಗಾಗಿ ಗಂಡ ಮದುವೆಯ ಎಂಟನೆಯ ವರ್ಷ ಕುಡಿಯತೊಡಗಿದ, ಹೊಡೆದ ಎಂಬುದು ವಿಚ್ಛೇದನಕ್ಕೆ ಸಾಕಾದರೂ ಅಸಿಂಧು ಘೋಷಣೆಗೆ ತಾನಾಗಿ ಸಾಲದು. ಮದುವೆಗೆ ಮೊದಲೇ ಇದ್ದ ಗಂಭೀರ ಮಾನಸಿಕ ತೊಂದರೆ ಅಥವಾ ಮದುವೆಯ ಹೊಣೆ ಹೊರಲಾಗದ ಸ್ಥಿತಿ, ಬಲವಂತ ಮತ್ತು ಭಯ, ಒಪ್ಪಿಗೆ ಪಡೆಯುವುದಕ್ಕಾಗಿಯೇ ಮುಚ್ಚಿಟ್ಟ ಮೋಸ, ಮಕ್ಕಳೇ ಬೇಡ ಅಥವಾ ನಿಷ್ಠೆ ಬೇಡ ಎಂದು ಮನಸ್ಸಿನಲ್ಲಿ ಮೊದಲೇ ನಿರ್ಧರಿಸಿದ್ದು, ಇಂಥವು ಅಲ್ಲಿ ಆಧಾರವಾಗುತ್ತವೆ. ನಮ್ಮ ಕರಾವಳಿಯ ಒಂದು ರೂಢಿಯನ್ನು ಇಲ್ಲಿ ನೆನೆಯಬೇಕು. ಹುಡುಗ ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಹೆಣ್ಣು ನೋಡುವುದು, ನಿಶ್ಚಯ, ರೋಸ್, ಮದುವೆ ಎಲ್ಲವೂ ಆ ರಜೆಯೊಳಗೇ ಮುಗಿಯಬೇಕು. ಅವಸರವೇ ಒಂದು ಆಧಾರವಲ್ಲ. ಆದರೆ ಅವಸರದ ಮರೆಯಲ್ಲಿ ಏನೇನು ಕೇಳದೇ ಉಳಿಯಿತು, ಯಾರ ಒತ್ತಾಯಕ್ಕೆ ಯಾರು ತಲೆಯಾಡಿಸಿದರು ಎಂಬುದು ಆಧಾರವಾಗಬಹುದು.

ಒಂದು ಬಾಗಿಲಿನ ಕೀಲಿಕೈ ಇನ್ನೊಂದಕ್ಕೆ ಹೊಂದದು

ಕೆಲವರು ಮಾಡುವ ಅಪಾಯದ ತಪ್ಪು ಇದು: ಇಗರ್ಜಿಯಿಂದ ಕಾಗದ ಬಂತು, ಇನ್ನು ಮದುವೆಯಾಗಬಹುದು ಎಂದುಕೊಳ್ಳುವುದು. ಧರ್ಮಸಭೆಯ ಘೋಷಣೆಗೆ ದೇಶದ ಕಾನೂನಿನಲ್ಲಿ ಮಾನ್ಯತೆಯಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಇದನ್ನು ಹೇಳಿತ್ತು. ನಮ್ಮ ಕರಾವಳಿಯವರೇ ಈ ಪ್ರಶ್ನೆಯನ್ನು ಮತ್ತೆ ಎತ್ತಿದರು. ಕ್ಯಾಥೊಲಿಕ್ ಸಂಘಟನೆಯ ಮಾಜಿ ಅಧ್ಯಕ್ಷರಾದ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಅವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ನ್ಯಾಯಪೀಠದ ಘೋಷಣೆಯನ್ನು ನಂಬಿ ಮರುಮದುವೆಯಾದವರ ಮೇಲೆ ದ್ವಿಪತ್ನಿತ್ವದ ಮೊಕದ್ದಮೆ ಬರುವ ಸಂಕಟವನ್ನು ಅವರು ಮುಂದಿಟ್ಟರು. ಚರ್ಚಿನ ನ್ಯಾಯಪೀಠದ ತೀರ್ಮಾನಕ್ಕೆ ಕಾನೂನಿನ ಬಲ ಕೊಡಿ ಎಂದು ಕೇಳಿದರು. 2017ರ ಜನವರಿ 19ರಂದು ಆ ಅರ್ಜಿ ವಜಾ ಆಯಿತು. ಸಂಸತ್ತು ಮಾಡಿದ ಕಾಯ್ದೆ ಇರುವಾಗ ಧಾರ್ಮಿಕ ನಿಯಮ ಅದರ ಜಾಗಕ್ಕೆ ಬರಲಾರದು ಎಂಬುದು ಅದರ ತಾತ್ಪರ್ಯ.

ನ್ಯಾಯಾಲಯದ ಡಿಕ್ರಿ ಇಲ್ಲದೆ ಎರಡನೆಯ ಮದುವೆಯಾದರೆ ಅದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 494ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮು. ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಇದಕ್ಕೆ ಉಲ್ಟಾ, ಡಿಕ್ರಿ ಕೈಯಲ್ಲಿ ಹಿಡಿದು ರಿಜಿಸ್ಟ್ರಾರರ ಕಚೇರಿಯಲ್ಲಿ ಮದುವೆಯಾದರೆ ಸರ್ಕಾರ ಒಪ್ಪುತ್ತದೆ, ಧರ್ಮಸಭೆ ಒಪ್ಪುವುದಿಲ್ಲ. ಇಗರ್ಜಿಯಲ್ಲಿ ಮದುವೆಯಾಗಿ ಮನಸ್ಸಿಗೂ ಸಮಾಧಾನ, ಕಾನೂನಿಗೂ ಸಮ್ಮತ ಎನಿಸಬೇಕಾದರೆ ಎರಡೂ ಕಾಗದ ಬೇಕು. ಮದುವೆ ಮತ್ತೆ ಕೂಡಿಬರಲಾರದಷ್ಟು ಮುರಿದಿದೆಯೆಂದು ನ್ಯಾಯಪೀಠಕ್ಕೆ ಮನವರಿಕೆಯಾಗಬೇಕಾದ್ದರಿಂದ ಯಾವುದನ್ನು ಮೊದಲು ಮಾಡಬೇಕೆಂದು ಅರ್ಜಿಗೆ ಮೊದಲೇ ವಿಗಾರರಲ್ಲಿ ವಿಚಾರಿಸಿಕೊಳ್ಳಿ. ವಕೀಲರ ಫೀಸಿಗೆ ಹೆದರಿ ನಿಂತ ಹೆಂಗಸರು ತಿಳಿದಿರಬೇಕಾದ್ದು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಮಕ್ಕಳ ಬಗ್ಗೆ ಒಂದು ಮಾತು. ಮದುವೆ ಅಸಿಂಧುವಾದರೆ ಮಕ್ಕಳು ಹಾದರಕ್ಕೆ ಹುಟ್ಟಿದವರಾಗುತ್ತಾರೆ ಎಂದು ಹೆದರಿಸುವವರುಂಟು. ಶುದ್ಧ ಸುಳ್ಳು. ಮದುವೆಯೆಂದು ನಂಬಿ ನಡೆದ ಸಂಬಂಧದಲ್ಲಿ ಹುಟ್ಟಿದ ಮಕ್ಕಳು ನ್ಯಾಯಬದ್ಧರೇ ಎಂದು ಧರ್ಮಸಭೆಯ ಕಾನೂನು (1137ನೇ ನಿಯಮ) ಸ್ಪಷ್ಟವಾಗಿ ಹೇಳುತ್ತದೆ. ಅವರ ಹೆಸರು, ಪಾಲು, ಅವರಿಗೆ ಬರಬೇಕಾದ ಜೀವನಾಂಶ ಯಾವುದಕ್ಕೂ ನ್ಯಾಯಪೀಠದ ತೀರ್ಪಿನಿಂದ ಧಕ್ಕೆಯಿಲ್ಲ.

ಕಾಯುವ ಕಾಲ

ಉಡುಪಿ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರ್ಪಟ್ಟು ರೂಪುಗೊಂಡದ್ದು 2012ರಲ್ಲಿ. ಕಲ್ಯಾಣಪುರದ ಮಿಲಾಗ್ರಿಸ್ ಅದರ ಪ್ರಧಾನ ಆಲಯವಾಯಿತು. ಅದಕ್ಕೆ ಮುಂಚೆ ಧರ್ಮಪ್ರಾಂತ್ಯದ ಕಚೇರಿಯ ಕೆಲಸಕ್ಕೆಂದು ಕೆಮ್ಮಣ್ಣಿನವರು ಮಂಗಳೂರಿನವರೆಗೆ ಹೋಗಬೇಕಿತ್ತು. 2015ರಲ್ಲಿ ಇನ್ನೊಂದು ಬದಲಾವಣೆ ಬಂತು. ಆ ವರ್ಷದ ಡಿಸೆಂಬರ್ 8ರಿಂದ ಜಾರಿಯಾದ ಪೋಪ್ ಫ್ರಾನ್ಸಿಸ್ ಅವರ ಸುಧಾರಣೆಯಂತೆ, ಅಸಿಂಧು ಎಂಬ ಮೊದಲ ತೀರ್ಪನ್ನು ಎರಡನೆಯ ನ್ಯಾಯಪೀಠ ಕಡ್ಡಾಯವಾಗಿ ಮತ್ತೆ ಪರಿಶೀಲಿಸುವ ಪದ್ಧತಿ ಹೋಯಿತು. ಇಬ್ಬರೂ ಒಪ್ಪಿ ಕೇಳಿದ, ಕಾರಣ ಕಣ್ಣಿಗೆ ಹೊಡೆದು ಕಾಣುವ ಪ್ರಕರಣಗಳನ್ನು ಧರ್ಮಾಧ್ಯಕ್ಷರೇ ಕಿರಿದಾದ ವಿಧಾನದಲ್ಲಿ ತೀರ್ಮಾನಿಸಬಹುದಾಯಿತು. ಸಾಧ್ಯವಾದ ಮಟ್ಟಿಗೆ ಖರ್ಚಿಲ್ಲದೆ ನಡೆಸಬೇಕೆಂಬ ಆಶಯವನ್ನೂ ಅವರು ಬರೆದಿಟ್ಟರು. "ದುಡ್ಡಿದ್ದವರಿಗೆ ಮಾತ್ರ ಅನಲ್‌ಮೆಂಟ್" ಎಂಬ ಹಳೆಯ ಮಾತನ್ನು ಕೇಳಿ ಅರ್ಜಿಯನ್ನೇ ಹಾಕದೆ ಉಳಿಯಬೇಡಿ.

ಮದುವೆ ಮುಂಬಯಿಯ ಇಗರ್ಜಿಯಲ್ಲಿ ಆಗಿದ್ದರೂ ನೀವು ಕೆಮ್ಮಣ್ಣಿನಲ್ಲಿ ನೆಲೆಸಿದ್ದರೆ ನಿಮ್ಮ ಧರ್ಮಪ್ರಾಂತ್ಯದಲ್ಲೇ ಅರ್ಜಿ ಕೊಡಬಹುದು. ಇದೂ 2015ರ ಅನುಕೂಲ. ಎದುರು ಪಕ್ಷದವರಿಗೆ ನೋಟಿಸು ಹೋಗುತ್ತದೆ. ಅವರು ಉತ್ತರಿಸದೆ ಸತಾಯಿಸಿದರೆ ಗೈರುಹಾಜರೆಂದು ಬರೆದುಕೊಂಡು ಪ್ರಕರಣ ಮುಂದುವರಿಸಲು ಅವಕಾಶವಿದೆ. ಮದುವೆಗೆ ಮುಂಚಿನಿಂದ ನಿಮ್ಮಿಬ್ಬರನ್ನು ಬಲ್ಲವರು ಸಾಕ್ಷಿಗಳಾಗಬೇಕು. ಅಕ್ಕ, ಸೋದರಮಾವ, ಶಾಲೆಯ ಗೆಳತಿ. ಮನಸ್ಸಿನ ಕಾಯಿಲೆಯ ಪ್ರಶ್ನೆ ಇದ್ದಲ್ಲಿ ತಜ್ಞರ ಅಭಿಪ್ರಾಯ ತರಿಸುತ್ತಾರೆ. ಮದುವೆ ಸಿಂಧುವೆಂದು ವಾದಿಸುವುದಕ್ಕೆಂದೇ ಒಬ್ಬ "ಬಂಧನದ ರಕ್ಷಕ" ಇರುತ್ತಾರೆ. ಅವರ ಪ್ರಶ್ನೆಗಳನ್ನು ಓದಿ ನಿಮ್ಮ ಮೇಲೆ ಸಂಶಯಪಡುತ್ತಿದ್ದಾರೆಂದು ನೊಂದುಕೊಳ್ಳಬಾರದು, ಅದು ಅವರ ಹುದ್ದೆ. ಮೊದಲ ಹಂತ ಒಂದು ವರ್ಷ ಮೀರಬಾರದು ಎಂದು ನಿಯಮ. ಸಾಕ್ಷಿಗಳು ಮುಂಬಯಿ, ದುಬೈ, ಕುವೈತ್ ಎಂದು ಚದುರಿದ್ದರೆ ಮೀರುವುದುಂಟು.

ಎಲ್ಲಕ್ಕಿಂತ ಕಷ್ಟದ ಕೆಲಸ ನಿಮ್ಮದೇ ಕತೆಯನ್ನು ಬರೆದುಕೊಡುವುದು. ಮರೆಯಬೇಕೆಂದು ಒದ್ದಾಡಿದ್ದನ್ನೆಲ್ಲ ತಾರೀಖಿನ ಸಮೇತ ನೆನೆಯಬೇಕು. ಖಾಲಿ ಹಾಳೆಯ ಮುಂದೆಯೇ ಎಷ್ಟೋ ಜನ ನಿಂತುಬಿಡುತ್ತಾರೆ. ಒಂದೇ ರಾತ್ರಿ ಕುಳಿತು ಬರೆಯಲು ಹೋಗಬೇಡಿ. ಒಂದು ವಾರ ಬಾಲ್ಯ, ಇನ್ನೊಂದು ವಾರ ನಿಶ್ಚಯದ ದಿನಗಳು, ಹೀಗೆ ಬರೆದಿಡಿ. ಬರೆದಾದ ಮೇಲೆ ಜೊತೆಗೆ ಕುಳಿತು ಚಹಾ ಕುಡಿಯಲು ಒಬ್ಬರು ಇರುವಂತೆ ನೋಡಿಕೊಳ್ಳಿ.

ಇನ್ನೊಂದು ನೋವು ಇದೆ. "ಹತ್ತು ವರ್ಷ ಅಡುಗೆ ಮಾಡಿ ಬಡಿಸಿದ್ದು, ಎರಡು ಹೆತ್ತದ್ದು ಎಲ್ಲ ಸುಳ್ಳೇ?" ನ್ಯಾಯಪೀಠ ಹಾಗೆ ಹೇಳುವುದಿಲ್ಲ. ಸಂಸ್ಕಾರದ ಮದುವೆಗೆ ಬೇಕಾದ ಒಂದು ಅಂಶ ಆ ದಿನ ಇರಲಿಲ್ಲ ಎಂದಷ್ಟೇ ಹೇಳುತ್ತದೆ. ಬದುಕಿದ ವರ್ಷಗಳನ್ನು ಯಾರೂ ಅಳಿಸಲಾರರು. ಹಾಗಿದ್ದೂ ಆ ಮಾತು ಚುಚ್ಚುತ್ತದೆ, ಚುಚ್ಚುವುದಿಲ್ಲವೆಂದು ನಾನು ಹೇಳಲಾರೆ.

ಪರಿಚಯ, ಸ್ನೇಹ, ಮಾತು ಕೊಡುವುದು

ಈಗ ಚಿಕ್ಕಮ್ಮ ತಂದ ವಿಧುರರ ವಿಚಾರಕ್ಕೆ ಬರೋಣ. ಈಗಿನವರು ಡೇಟಿಂಗ್ ಎನ್ನುವುದೂ, ನಮ್ಮಲ್ಲಿ "ವಿಚಾರ ಬಂದಿದೆ" ಎನ್ನುವುದೂ ಇಲ್ಲಿ ಒಂದೇ ತಕ್ಕಡಿಗೆ ಬರುತ್ತವೆ. ತೀರ್ಪು ಬರುವ ತನಕ ಧರ್ಮಸಭೆ ನಿಮ್ಮನ್ನು ವಿವಾಹಿತೆಯೆಂದೇ ಎಣಿಸುತ್ತದೆ. ಮದುವೆ ಸಿಂಧುವೆಂದು ನಂಬಿ ಹೊರಡುವುದು ಅದರ ಕಾನೂನಿನ ಮೊದಲ ಹೆಜ್ಜೆ. ಆದ್ದರಿಂದ ನಿಶ್ಚಯ, ಮದುವೆಯ ತಾರೀಖು, ಹಾಲ್ ಬುಕಿಂಗ್ ಯಾವುದೂ ಸಲ್ಲದು; ತೀರ್ಪು ಬರುವ ಮುಂಚೆ ತಾರೀಖು ಕೊಡಲು ಯಾವ ವಿಗಾರರಿಗೂ ಆಗುವುದಿಲ್ಲ. ತೀರ್ಪು ನಿಮ್ಮ ಪರವಾಗಿಯೇ ಬರುತ್ತದೆಂಬ ಖಾತ್ರಿಯೂ ಇಲ್ಲ. ಇದನ್ನು ಮರೆತು ಮಾತು ಕೊಟ್ಟವರು ಮುಂದೆ ಇಬ್ಬರ ಬದುಕನ್ನು ತೂಗಿಗೆ ಹಾಕುತ್ತಾರೆ.

ಹಾಗಾದರೆ ಮಾತನಾಡುವುದೇ ತಪ್ಪೇ? ಅಲ್ಲ. ಮನುಷ್ಯರು ಮನುಷ್ಯರೊಡನೆ ಮಾತನಾಡಲೇಬೇಕು. ಆದರೆ ಮೊದಲ ಭೇಟಿಯಲ್ಲೇ ಮೂರು ಸಂಗತಿ ನೇರವಾಗಿ ಹೇಳಿಬಿಡಿ: ನ್ಯಾಯಾಲಯದ ಡಿಕ್ರಿ ಆಗಿದೆಯೋ ಇಲ್ಲವೋ, ನ್ಯಾಯಪೀಠದಲ್ಲಿ ಅರ್ಜಿ ಯಾವ ಹಂತದಲ್ಲಿದೆ, ಅದು ತಿರಸ್ಕೃತವಾದರೆ ನೀವು ಏನು ಮಾಡುವವರು. ಮೂರನೆಯದಕ್ಕೆ ನಿಮ್ಮಲ್ಲೇ ಉತ್ತರವಿಲ್ಲದಿದ್ದರೆ, ಇಲ್ಲವೆಂದೇ ಹೇಳಿ. ಎದುರಿನವರು ಕೇಳಿದ ಮೇಲೂ ಬರುತ್ತಾರೋ ನೋಡಿ.

ನ್ಯಾಯಾಲಯದ ಪ್ರಕರಣ ಇನ್ನೂ ನಡೆಯುತ್ತಿದ್ದರೆ ಹೆಚ್ಚಿನ ಎಚ್ಚರ ಬೇಕು. ವ್ಯಭಿಚಾರ ಶಿಕ್ಷಾರ್ಹ ಅಪರಾಧವಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು ನಿಜ. ಆದರೆ ವಿಚ್ಛೇದನಕ್ಕೆ ಅದು ಈಗಲೂ ಒಂದು ಕಾರಣ. ರಾತ್ರಿ ಹನ್ನೊಂದರ ವಾಟ್ಸಾಪ್ ಸಂದೇಶ ಎದುರು ವಕೀಲರ ಕೈಯಲ್ಲಿ ಕಾಗದವಾಗಿ ನಿಮ್ಮ ಮುಂದೆ ಬರಬಹುದು.

ನನ್ನ ಅನಿಸಿಕೆಯನ್ನೂ ಹೇಳಿಬಿಡುತ್ತೇನೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹುಡುಕುವುದು ಇನ್ನೊಬ್ಬ ಗಂಡನನ್ನೋ ಹೆಂಡತಿಯನ್ನೋ ಅಲ್ಲ. ತಾನು ಬೇಡವಾದ ವಸ್ತುವಲ್ಲ ಎಂದು ಯಾರಾದರೂ ಒಬ್ಬರು ಹೇಳಲಿ ಎಂದು ಕಾಯುತ್ತಿರುತ್ತಾರೆ. ಆ ಹಸಿವಿನಲ್ಲಿ ಮೊದಲು ಕಂಡವರೇ ದೇವರು ಕಳಿಸಿದವರಂತೆ ತೋರುತ್ತಾರೆ. ಒಂದು ತಿಂಗಳ ರಜೆಯಲ್ಲಿ ಆದ ಮದುವೆಯ ಅವಸರವೇ ಎರಡನೆಯ ಸಲ ಬೇರೆ ವೇಷದಲ್ಲಿ ಬರಬಾರದಷ್ಟೆ.

ಸಂಜೆಯ ಹೊತ್ತು

ಸಂಜೆಯ ತೇರ್ಸ್ ನೆನಪಿಸಿಕೊಳ್ಳಿ. ಒಬ್ಬರು ಹೇಳಿಕೊಡುತ್ತಾರೆ, ಮನೆಯವರೆಲ್ಲ ಉತ್ತರ ಹೇಳುತ್ತಾರೆ, ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಪಡೆಯುತ್ತಾರೆ. ತಾಯಿ, ಮಗಳು, ಮಗು ಮಾತ್ರ ಉಳಿದ ಮನೆಯಲ್ಲಿ ಉತ್ತರ ಹೇಳುವ ದನಿ ತೆಳ್ಳಗಾಗುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ದಿನ ಇಗರ್ಜಿಯಿಂದ ಹೊಸ ತೆನೆ ತಂದು, ಕುಟುಂಬವೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ದೂರದ ಊರಿನಲ್ಲಿರುವವರಿಗೆ ತೆನೆಯ ಕಾಳನ್ನು ಕಳಿಸಿಕೊಡುವ ಮನೆಗಳೂ ಇವೆ. ವಿಚ್ಛೇದಿತೆಗೆ ಗಂಡನ ಮನೆಯ ಪಾಲು ಹೋಯಿತು. ತವರಿನಲ್ಲಿ ಅತ್ತಿಗೆ ಬಡಿಸಿದರೂ ತಾನು ಅತಿಥಿಯೋ ಮನೆಯವಳೋ ಎಂಬ ಅಳುಕು. ವಿವಾಹ ವಾರ್ಷಿಕೋತ್ಸವದ ದಂಪತಿಗಳು ಪೀಠದ ಮುಂದೆ ಬನ್ನಿ ಎಂದು ಕರೆದಾಗ ಕಣ್ಣು ಎಲ್ಲಿಡಬೇಕೆಂದು ತಿಳಿಯದು. ಕರಿಮಣಿ ಹಾಕಿಕೊಂಡರೆ ಒಂದು ಮಾತು, ತೆಗೆದರೆ ಇನ್ನೊಂದು. ಅದರ ಬಗ್ಗೆ ಧರ್ಮಸಭೆಯ ಕಾನೂನಿನಲ್ಲಿ ಏನೂ ಇಲ್ಲ. ನಿಮಗೆ ಸರಿಕಂಡಂತೆ ಮಾಡಿ.

ಗಂಡಸರ ಒಂಟಿತನ ಬೇರೆ ತೆರನಾದದ್ದು, ಅದರ ಬಗ್ಗೆ ಮಾತನಾಡುವವರೇ ಕಡಿಮೆ. ಕೊಲ್ಲಿಯಿಂದ ಕೆಲಸ ಬಿಟ್ಟು ಬಂದು, ಕಟ್ಟಿಸಿದ ದೊಡ್ಡ ಮನೆಯಲ್ಲಿ ಒಬ್ಬನೇ ಟಿ.ವಿ. ಮುಂದೆ ಕೂತವನನ್ನು ನೆರೆಯವರು "ಆರಾಮ ಇದ್ದಾನೆ" ಎನ್ನುತ್ತಾರೆ. ಬಾಟಲಿ ಜೊತೆಗಾರನಾದ ಮೇಲೆ ಮಾತ್ರ ಸುದ್ದಿಯಾಗುತ್ತಾನೆ.

ನೀವು ವಾಡೊದ ಗುರ್ಕಾರರಾಗಿದ್ದರೆ ದೊಡ್ಡ ಯೋಜನೆಯೇನೂ ಬೇಡ. ವಾಡೊದ ಕೂಟ ಮುಂದಿನ ಸಲ ಆಕೆಯ ಮನೆಯಲ್ಲೇ ನಡೆಯಲಿ. ಹಬ್ಬದ ದಿನ ಬಿಡುವಿದೆಯೇ ಎಂದು ಕೇಳದೆ "ಊಟಕ್ಕೆ ಬರಬೇಕು" ಎಂದೇ ಹೇಳಿ. "ಏನಾಯಿತು, ಯಾಕೆ ಬಿಟ್ಟಿರಿ" ಎಂಬ ವಿಚಾರಣೆ ಬೇಡ, ಅದಕ್ಕೆ ಎರಡು ನ್ಯಾಯಾಲಯಗಳಿವೆ. ಕಾಯುತ್ತಿರುವವರು ನೀವಾಗಿದ್ದರೆ ಗಾಯನ ತಂಡಕ್ಕೋ ಸ್ವಸಹಾಯ ಗುಂಪಿಗೋ ವಾರಕ್ಕೊಂದು ಸಂಜೆ ಕೊಟ್ಟುಬಿಡಿ. ಹೊರಗೆ ಹೋಗಲು ಒಂದು ಕಾರಣವಾದರೂ ಇರುತ್ತದೆ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ಅದು ಭಕ್ತಿಯ ಕೊರತೆಯಲ್ಲ. 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ತೀರ್ಪು ಬಂದ ದಿನ

ನ್ಯಾಯಪೀಠ ಒಪ್ಪದಿದ್ದರೆ ಮೇಲ್ಮನವಿಗೆ ದಾರಿಯಿದೆ. ತೀರ್ಪು ತಿಳಿದ 15 ದಿನಗಳೊಳಗೆ ತಿಳಿಸಬೇಕು. ಹೊಸ, ಗಟ್ಟಿಯಾದ ಸಾಕ್ಷ್ಯ ಸಿಕ್ಕಿದರೆ ಪ್ರಕರಣವನ್ನು ಮತ್ತೆ ತೆರೆಯುವುದಕ್ಕೂ ಅವಕಾಶವುಂಟು. ಒಪ್ಪಿದರೆ, ಕಾಗದವನ್ನು ಕೊನೆಯ ಸಾಲಿನವರೆಗೆ ಓದಿ. ಧರ್ಮಾಧ್ಯಕ್ಷರ ಕಚೇರಿಯನ್ನು ಕೇಳದೆ ಮರುಮದುವೆ ಮಾಡಿಸಬಾರದು ಎಂಬ ಷರತ್ತು ಒಬ್ಬರ ಮೇಲೋ ಇಬ್ಬರ ಮೇಲೋ ಇರಬಹುದು. ಮದುವೆಗೆ ಬೇಕಾದ ಪಕ್ವತೆ ಬಂದಿದೆಯೇ ಎಂದು ನೋಡುವುದಕ್ಕಾಗಿ ಹಾಕುವ ಷರತ್ತು ಅದು.

ಆಮೇಲೆ ತೀರ್ಪಿನ ಸುದ್ದಿ ನಿಮ್ಮ ಮದುವೆಯಾದ ಇಗರ್ಜಿಗೂ ದೀಕ್ಷಾಸ್ನಾನವಾದ ಇಗರ್ಜಿಗೂ ಹೋಗುತ್ತದೆ. ಅಲ್ಲಿನ ಹಳೆಯ ದಾಖಲೆ ಪುಸ್ತಕದಲ್ಲಿ, ಶಿಶುವಾಗಿದ್ದಾಗ ನಿಮ್ಮ ಹೆಸರು ಬರೆದ ಅದೇ ಸಾಲಿನ ಪಕ್ಕದಲ್ಲಿ, ವಿಗಾರರು ತೀರ್ಪನ್ನು ನಮೂದಿಸುತ್ತಾರೆ. ಕೆಲವು ದಿನ ಬಿಟ್ಟು ಹೋಗಿ ದೀಕ್ಷಾಸ್ನಾನದ ಹೊಸ ಪ್ರತಿ ಕೇಳಿ, ನಮೂದು ಅದರಲ್ಲಿ ಬಂದಿದೆಯೇ ನೋಡಿಕೊಳ್ಳಿ. ಚಿಕ್ಕಮ್ಮ ತಂದ ವಿಚಾರದ ಬಗ್ಗೆ ವಿಗಾರರ ಬಳಿ ಮಾತನಾಡುವುದಿದ್ದರೆ ಆ ಪ್ರತಿಯನ್ನೂ ನ್ಯಾಯಾಲಯದ ಡಿಕ್ರಿಯನ್ನೂ ಜೊತೆಗೆ ಒಯ್ಯಿರಿ.